ಬಿದಿರು ಗಳದ ಮೇಲೆ ಕರಾಟೆ ಅಂಗಿ

ಪಾರ್ಸಲ್ಲು ಬಿಚ್ಚಿದ ಬೆಳಿಗ್ಗೆ ಶಿರಸಿಯ ಆ ಮಾಳಿಗೆಯ ಮೇಲೆ ನಾವು ಎಂಟು ಜನ ಇದ್ದೆವು. ಕರಾಟೆ ಕಲಿಸುವ ಮೇಡಂ ಒಬ್ಬರು, ಕಲಿಯುವ ಹೆಂಗಸರು ಏಳು. ಮೇಡಂಗೆ ಮೂವತ್ತು ತುಂಬಿತ್ತೋ ಇಲ್ಲವೋ. ಬನವಾಸಿ ಕಡೆಯ ಕಿರಾಣಿ ವ್ಯಾಪಾರಸ್ಥರ ಮನೆಯವರು, ಬಾಯಿ ತೆರೆದರೆ ಹಾವೇರಿ ಸೀಮೆಯ ಮಾತು. ಕಲಿಯುವವರಲ್ಲಿ ಎಲ್ಲರಿಗಿಂತ ದೊಡ್ಡವರು ನನ್ನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ. ಅವರಿಗೆ ಐವತ್ಮೂರು. ನಾನು ಎರಡು ವರ್ಷಕ್ಕೆ ಚಿಕ್ಕವಳು. ಎಲ್ಲರಿಗಿಂತ ಚಿಕ್ಕವರಿಗೆ ಮೂವತ್ತೆಂಟು. ಅವರು ದಿನಾ ಬೆಳಿಗ್ಗೆ ಹಳ್ಳಿಯಿಂದ ಸ್ಕೂಟರಿನಲ್ಲಿ ಬಂದು, ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನನ್ನು ಮೆಟ್ಟಿಲ ಬುಡದಲ್ಲಿಟ್ಟು ಮೇಲೆ ಬರುತ್ತಿದ್ದರು. ವಯಸ್ಸಿನಲ್ಲಿ ನಮಗೆಲ್ಲ ತಂಗಿಯಾದರೂ ಅವರಿಗೆ ಡೇರಿ ಅಕ್ಕ ಎಂದೇ ಹೆಸರು ಬಿದ್ದಿತ್ತು. ಉಳಿದ ನಾಲ್ವರನ್ನು ಇಲ್ಲಿ ಕರೆತಂದು ಸಾಲಾಗಿ ನಿಲ್ಲಿಸುವುದಿಲ್ಲ. ಅವರು ನಗುವುದಕ್ಕೆ ಮತ್ತು ನಡುನಡುವೆ ಕಾಲು ಉಳುಕಿಸಿಕೊಳ್ಳುವುದಕ್ಕೆ ಇದ್ದರು ಎಂದು ತಿಳಿದರೆ ಸಾಕು.

ಎರಡು ತಿಂಗಳು ನಾವು ಚೂಡಿದಾರದಲ್ಲೇ ಕಲಿತಿದ್ದೆವು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಬಳೆ ಬಿಚ್ಚಿ ಕಿಟಕಿಯ ಮೇಲಿಟ್ಟು, ಒಂದು ಗುದ್ದಿಗೆ ಒಂದು ಸುದ್ದಿ ಎನ್ನುವ ಹಾಗೆ ನಡೆಯುತ್ತಿತ್ತು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮನೆಯ ಫ್ರಿಜ್ಜು ಕೆಟ್ಟಿತು ಎಲ್ಲವೂ ಕಿಕ್ಕು ಬ್ಲಾಕುಗಳ ಮಧ್ಯೆ ಬಂದುಹೋಗುತ್ತಿತ್ತು. ಮೇಡಂ ಮೊದಮೊದಲು ಗದರಿದರು, ಆಮೇಲೆ ತಾವೂ ಸೇರಿಕೊಂಡರು.

ಆ ದಿನ ಹುಬ್ಬಳ್ಳಿಯಿಂದ ಡ್ರೆಸ್ಸು ಬಂತು. ಬಿಳಿ ಪ್ಯಾಂಟು, ಬಿಳಿ ಅಂಗಿ, ಬಿಳಿ ಬೆಲ್ಟು. ಬಟ್ಟೆ ಎಷ್ಟು ಗಡುಸಾಗಿತ್ತು ಎಂದರೆ ನೆಲದ ಮೇಲೆ ಇಟ್ಟ ಅಂಗಿ ಅರ್ಧ ಎದ್ದು ಕೂತಿತ್ತು. ಬೆಲ್ಟು ಕಟ್ಟುವುದೇ ಒಂದು ಪಾಠವಾಯಿತು. ಮೇಡಂ ಎರಡು ಸುತ್ತು ಹಾಕಿ ಗಂಟು ತೋರಿಸಿದರು. ನಾವೆಲ್ಲ ಕಟ್ಟಿದೆವು. ಕಟ್ಟಿ ನೋಡಿದರೆ ಏಳು ಜನರಲ್ಲಿ ಆರು ಜನ ಲಂಗದ ಲಾಡಿಯ ಹಾಗೆ ಬಿಗಿದು, ತುದಿಯನ್ನು ಒಳಗೆ ಸಿಕ್ಕಿಸಿಕೊಂಡಿದ್ದೆವು. ಡೇರಿ ಅಕ್ಕ ಒಬ್ಬರದೇ ಸರಿಯಾಗಿತ್ತು. ಹುಲ್ಲು ಹೊರೆ ಕಟ್ಟುವ ಗಂಟೂ ಹೀಗೇ ಎಂದು ಅವರು ಹೇಳಿದರು.

ವಿಚಿತ್ರ ಶುರುವಾದದ್ದು ಅದರ ನಂತರ. ಸಾಲಾಗಿ ನಿಂತ ಮೇಲೆ ಯಾರೂ ಮಾತಾಡಲಿಲ್ಲ. ಮಾತಾಡಬೇಡಿ ಎಂದು ಯಾರೂ ಹೇಳಿರಲಿಲ್ಲ. ಗುದ್ದು ಹೊಡೆದಾಗ ತೋಳಿನ ಬಟ್ಟೆ ಚಟ್ಟೆಂದು ಸದ್ದು ಮಾಡುತ್ತಿತ್ತು. ಆ ಸದ್ದು ಕೇಳಿ ಇನ್ನೂ ಜೋರಾಗಿ ಹೊಡೆಯಬೇಕು ಅನಿಸುತ್ತಿತ್ತು. ಮೇಡಂ ಸುತ್ತ ಒಂದು ಸಲ ನೋಡಿ, “ಅರಿವಿ ಹಾಕ್ಕೊಂಡ ಕೂಡ್ಲೆ ಬಾಯಿ ಬಂದ್ ಆದ್ವು ನೋಡ್ರಿ. ಎರಡು ತಿಂಗಳು ನಾ ಬಡಕೊಂಡಿದ್ದು ಎಲ್ಲಿಗ್ ಹೋತು?” ಎಂದರು. ಆಗಲೂ ಯಾರೂ ನಗಲಿಲ್ಲ.

ನನಗೆ ಕುತೂಹಲ ಹತ್ತಿದ್ದು ಅಲ್ಲಿಂದ. ನಾನು ಮದುವೆ ಕಾಗದ, ವರದಿ, ಪಂಚಾಂಗ ಅಚ್ಚು ಹಾಕುವ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಕೂತು ಕೂತು ಮಂಡಿ ಹಿಡಿದುಕೊಂಡಿತ್ತು ಎಂದು ಕರಾಟೆಗೆ ಸೇರಿದ್ದೆ. ಬಟ್ಟೆಯ ವಿಷಯದಲ್ಲಿ ನನಗೆ ಎಂದೂ ಆಸಕ್ತಿ ಇದ್ದದ್ದಲ್ಲ. ಆದರೆ ಈ ಡ್ರೆಸ್ಸು ನನ್ನನ್ನು ಏನೋ ಮಾಡುತ್ತಿತ್ತು. ಒಂದು ದಿನ ತರಗತಿ ಮುಗಿಸಿ, ಬಟ್ಟೆ ಬದಲಿಸದೆ, ದಾರಿಯಲ್ಲಿ ಕೊತ್ತಂಬರಿ ಕೊಳ್ಳಲು ನಿಂತೆ. ಯಾವಾಗಲೂ ಬಾಡಿದ ಕಟ್ಟು ಕೊಟ್ಟರೂ ತೆಗೆದುಕೊಂಡು ಬರುವ ನಾನು ಅವತ್ತು ಮೂರು ಕಟ್ಟು ವಾಪಸ್ಸು ಕೊಟ್ಟೆ. ಮಾರುವವನು ನಾಲ್ಕನೆಯದನ್ನು ಎರಡೂ ಕೈಯಲ್ಲಿ ಕೊಟ್ಟ. ಇನ್ನೊಂದು ದಿನ ಪರೀಕ್ಷೆ ಮಾಡಿಯೇ ನೋಡೋಣ ಎಂದು ಡ್ರೆಸ್ಸಿನಲ್ಲೇ ದೋಸೆ ಹೊಯ್ಯಲು ನಿಂತೆ. ಒಲೆಯ ಮುಂದೆ ನನ್ನ ಕಾಲುಗಳು ತಾವಾಗಿ ಅಗಲವಾಗಿದ್ದವು, ಮಂಡಿ ಬಾಗಿತ್ತು. ಗಂಡ ಅಡಿಗೆಮನೆಯ ಬಾಗಿಲವರೆಗೆ ಬಂದವರು ಚಟ್ನಿ ಬೇಕು ಎನ್ನುವುದನ್ನೂ ಹೇಳದೆ ತಿರುಗಿ ಹೋದರು. ಅದೇ ನಾನು, ಅದೇ ಒಲೆ. ಬದಲಾದದ್ದು ಮೈಮೇಲಿನ ಬಟ್ಟೆ ಮಾತ್ರ.

ಮೇಡಂ ಕೂಡ ಹಾಗೆಯೇ. ಡ್ರೆಸ್ಸಿನಲ್ಲಿ ಅವರು ಬಾಗಿಲಿಗೆ ಬಂದರೆ ನಮ್ಮ ಬೆನ್ನು ನೆಟ್ಟಗಾಗುತ್ತಿತ್ತು. ಒಮ್ಮೆ ಅವರು ಸೀರೆ ಉಟ್ಟು ಪೇಟೆಯಲ್ಲಿ ಮಂಡಕ್ಕಿ ತಿನ್ನುತ್ತ ನಿಂತಿದ್ದಾಗ ನಾವು ಮೂವರು ಗುರುತು ಸಿಗದೆ ಪಕ್ಕದಿಂದಲೇ ದಾಟಿ ಹೋಗಿದ್ದೆವು.

ಈಗ ಅತ್ತಿಗೆಯ ಕತೆಗೆ ಬರುತ್ತೇನೆ. ಅವರು ಸೇರಿದ್ದು ಮಂಡಿ ನೋವಿಗಲ್ಲ. ಅದಕ್ಕೆ ಮೊದಲು ಒಂದು ದಿನ ಯಲ್ಲಾಪುರದ ತಂಗಿಯ ಮನೆಯಿಂದ ಬಸ್ಸಿನಲ್ಲಿ ಶಿರಸಿಗೆ ಬರುತ್ತಿದ್ದರು. ಬಸ್ಸು ತುಂಬಿತ್ತು, ನಿಂತಿದ್ದರು. ಹಿಂದೆ ನಿಂತವನ ಕೈ ಬೆನ್ನಿಗೆ ಬಂತು. ಇವರು ಸರಿದರು. ಕೈ ಮತ್ತೆ ಬಂತು. ಇವರು ಮತ್ತೆ ಸರಿದರು. ಕೊನೆಗೆ ದಾರಿಯ ಮಧ್ಯೆ ಯಾವುದೋ ನಿಲ್ದಾಣದಲ್ಲಿ ಇಳಿದು, ಮುಂದಿನ ಬಸ್ಸು ಬರುವವರೆಗೆ ಒಂದು ತಾಸು ಬಿಸಿಲಲ್ಲಿ ಕಾದು ಮನೆಗೆ ಬಂದರು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ನನಗೆ ಹೇಳಿದ್ದು ವಾರದ ಮೇಲೆ, ನನ್ನ ಮನೆಯ ಹಿತ್ತಿಲಲ್ಲಿ ಬಸಳೆ ಕೊಯ್ಯುತ್ತ.

“ಕೈಯೇ ಎದ್ದಿದ್ದಿಲ್ಲೆ ತಂಗಿ. ಆನು ಸರೀತಾ ಹೋದೆ, ಅಂವ ಬತ್ತಾ ಹೋದ. ಕಡಿಗೆ ಬಸ್ಸಿಂದ ಇಳದ್ದು ಯಾರು? ಆನು.”

ಅವನು ಮಾಡಿದ್ದಕ್ಕಿಂತ ತಾನು ಇಳಿದದ್ದೇ ಅವರಿಗೆ ಹೆಚ್ಚು ಚುಚ್ಚಿತ್ತು. ಏಳದ ತನ್ನ ಕೈಯನ್ನು ಒಮ್ಮೆ ಎತ್ತಲು ಕಲಿಯಬೇಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಹಾಗಾಗಿ ಮೊದಲ ಬೆಲ್ಟಿನ ಪರೀಕ್ಷೆ ನಮಗೆಲ್ಲ ಒಂದು ತಮಾಷೆಯಾಗಿದ್ದರೆ ಅವರಿಗೆ ಹಾಗಿರಲಿಲ್ಲ. ಹಳದಿ ಬೆಲ್ಟು ಸಿಕ್ಕಿದರೆ ಕೈ ಎದ್ದಿತು ಎಂದು ಅರ್ಥ ಎಂದು ಅವರು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದರು.

ಪರೀಕ್ಷೆಯ ಮುಖ್ಯ ಭಾಗ ಜೋಡಿ ಆಟ. ಎದುರಿನವರು ಗುದ್ದು ತರುತ್ತಾರೆ, ನಾವು ಮುಂಗೈಯಿಂದ ತಡೆಯಬೇಕು, ತಡೆದ ಕೂಡಲೇ ಒಂದು ಹೆಜ್ಜೆ ಮುಂದಿಟ್ಟು ಅವರ ಎದೆಗೆ ಗುದ್ದು ಮುಟ್ಟಿಸಬೇಕು. ಮೇಡಂ ಇದಕ್ಕೆ ಒಂದೇ ನಿಯಮ ಹೇಳುತ್ತಿದ್ದರು: “ಅರಿವಿ ಮುಟ್ಟಬೇಕ್ರಿ, ಮೈ ನೋಯಬಾರ್ದು.” ಅತ್ತಿಗೆಗೆ ಜೋಡಿ ಡೇರಿ ಅಕ್ಕ. ಚೂಡಿದಾರದ ಕಾಲದಲ್ಲಿ ಇಬ್ಬರದೂ ಬಹಳ ಚೆಂದದ ಜೋಡಿ. ಮೊದಲ ದಿನ ಡೇರಿ ಅಕ್ಕ ಅತ್ತಿಗೆಯನ್ನು “ಅಮ್ಮಾ” ಎಂದು ಕರೆದಿದ್ದರು. ಅವರ ಅಜ್ಜಿ, ಅವ್ವ ನಮ್ಮಂಥವರ ತೋಟಗಳಿಗೆ ಕೆಲಸಕ್ಕೆ ಬರುತ್ತಿದ್ದ ಕಾಲದ ಮಾತು ಅದು. ಈಗ ಅವರಿಗೆ ಸ್ವಂತ ಗದ್ದೆ ಇದೆ, ಐದು ಆಕಳು ಇವೆ. ಹದಿನೈದು ದಿನದಲ್ಲಿ ಅಮ್ಮ ಹೋಗಿ ಅಕ್ಕ ಆಯಿತು. ಅತ್ತಿಗೆಯೂ ಅವರಿಗೆ ಅಕ್ಕ ಎನ್ನುತ್ತಿದ್ದರು. ಇಬ್ಬರು ಅಕ್ಕಂದಿರು ಗುದ್ದಾಡುವುದನ್ನು ನಾವು ನಿಂತು ನೋಡುತ್ತಿದ್ದೆವು.

ಡ್ರೆಸ್ಸು ಬಂದು ವಾರ ಕಳೆಯುವುದರೊಳಗೆ ಆ ಜೋಡಿ ಕೆಟ್ಟಿತು. ಡೇರಿ ಅಕ್ಕನ ಗುದ್ದು ಬಂದಾಗ ಅತ್ತಿಗೆ ತಡೆಯುವ ಬದಲು ಹಿಂದೆ ಸರಿಯುತ್ತಿದ್ದರು. ಹೆಜ್ಜೆ ಹಿಂದೆ, ಭುಜ ಹಿಂದೆ, ಹೊಟ್ಟೆಯೂ ಒಳಗೆ. ತಿರುಗಿ ಹೊಡೆಯುವಾಗ ಮುಷ್ಟಿ ಒಂದು ಗೇಣು ಈಚೆಗೇ ನಿಲ್ಲುತ್ತಿತ್ತು. ಮುಟ್ಟಿರಿ, ಮುಟ್ಟಿರಿ ಎಂದು ಮೇಡಂ ಹೇಳಿ ಹೇಳಿ ಸೋತರು. ನಿನ್ನೆ ಮೊನ್ನೆಯವರೆಗೆ ಚೊಲೊ ಹೊಡೆಯುತ್ತಿದ್ದವರಿಗೆ ಏನಾಯಿತು ಎಂದು ಕೇಳಿದರೆ ಅತ್ತಿಗೆಗೇ ಗೊತ್ತಿಲ್ಲ. ಪರೀಕ್ಷೆಗೆ ನಾಲ್ಕು ವಾರ ಇತ್ತು. ಹೀಗೇ ಆದರೆ ಹೆಸರು ಕಳಿಸುವುದು ಕಷ್ಟ ಎಂದು ಮೇಡಂ ಮೆಲ್ಲಗೆ ಹೇಳಿದರು.

ಅವತ್ತು ಕೆಳಗಿಳಿಯುವಾಗ ಡೇರಿ ಅಕ್ಕ ಕ್ಯಾನು ಎತ್ತಿಕೊಂಡು, ಅತ್ತಿಗೆಯ ಮುಖ ನೋಡದೆ ಹೇಳಿದರು: “ನಾ ಮುಟ್ಟೂದು ಆಗ್ತಿಲ್ಲ ಅಂದ್ರೆ ಹೇಳಿ ಅಮ್ಮಾ. ಮೇಡಮ್ಮರಿಗೆ ಹೇಳಿ ಬೇರೆ ಜೋಡಿ ಮಾಡ್ಕಂತೆ.”

ಅಕ್ಕ ಮತ್ತೆ ಅಮ್ಮ ಆಗಿತ್ತು. ಅತ್ತಿಗೆ ಹಾಗಲ್ಲ, ಹಾಗಲ್ಲ ಎಂದು ಎರಡು ಸಲ ಹೇಳುವುದರೊಳಗೆ ಸ್ಕೂಟರು ಹೊರಟುಹೋಯಿತು. ಮನೆಯ ತಿರುವು ಬಂದಾಗ ಅತ್ತಿಗೆ, ಆನು ಹಾಂಗಿದ್ದವಳಾ ಎಂದು ಕೇಳಿದರು. ಅಲ್ಲ ಎಂದು ನಾನು ತಕ್ಷಣ ಹೇಳಿದೆ. ಹೇಳಿದ ಮೇಲೆ, ಅಲ್ಲವಾದರೆ ಮತ್ತೇನು ಎನ್ನುವುದು ತಲೆಯಲ್ಲಿ ಉಳಿಯಿತು.

ನನಗೊಂದು ದುರಭ್ಯಾಸ ಇದೆ. ಅಚ್ಚಿನಲ್ಲಿ ತಪ್ಪು ಎಲ್ಲಿ ನುಸುಳಿತು ಎಂದು ಹಿಂದಿನ ಪ್ರತಿ, ಅದರ ಹಿಂದಿನ ಪ್ರತಿ ಎಂದು ಹುಡುಕುತ್ತ ಹೋಗುವುದು. ಮಾರನೇ ದಿನ ಮಧ್ಯಾಹ್ನ ಅಣ್ಣನ ಮನೆಗೆ ಹೋದೆ. ಅಣ್ಣನ ಮನೆ ನನ್ನ ಮನೆಯಿಂದ ಎರಡು ಬೀದಿ ಆಚೆ. ಅಲ್ಲಿ ಅಣ್ಣ, ಅತ್ತಿಗೆ, ನಮ್ಮ ಆಯಿ ಇರುತ್ತಾರೆ. ಆಯಿ ಎಂದರೆ ನನ್ನ ತಾಯಿ, ಅತ್ತಿಗೆಯ ಅತ್ತೆ. ಎಂಬತ್ತು ದಾಟಿದರೂ ಕಿವಿ ಚುರುಕು. ಅತ್ತಿಗೆ ಸೀರೆಯಲ್ಲಿದ್ದರು. ಹಿಂದಿನ ಅಂಗಳಕ್ಕೆ ಕರೆದು, ಹೊಡೆಯಿರಿ ನೋಡೋಣ ಎಂದು ಎದುರು ನಿಂತೆ. ಹೊಡೆದರು. ನಾನು ಹಿಂದಿದ್ದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ನನ್ನ ಗುದ್ದನ್ನು ಅವರು ತಡೆದ ಗುರುತು ನನ್ನ ಮುಂಗೈ ಮೇಲೆ ಎರಡು ದಿನ ಇತ್ತು. ಅತ್ತಿಗೆಯ ಕೈಗೆ ಏನೂ ಆಗಿರಲಿಲ್ಲ, ಮನಸ್ಸಿಗೂ ಏನೂ ಆಗಿರಲಿಲ್ಲ. ಸರಿ, ಈಗ ಡ್ರೆಸ್ಸು ಹಾಕಿಕೊಂಡು ಬನ್ನಿ ಎಂದೆ.

ಅತ್ತಿಗೆ ಅನುಮಾನಿಸಿದರು. ಬೆಳಿಗ್ಗೆ ಮಿಂದದ್ದು, ಆಮೇಲೆ ಊಟವೂ ಆಗಿದೆ, ಈಗ ಮೀಯದೆ ಹಾಕಿಕೊಳ್ಳುವುದು ಹೇಗೆ ಎಂದರು. ಮಿಂದೇ ಹಾಕಬೇಕು ಎಂದು ಹೇಳಿದವರು ಯಾರು? ಮೇಡಂ ಹೇಳಿದ್ದು ಮೈ ಚೊಕ್ಕ ಇರಲಿ, ಉಗುರು ಕತ್ತರಿಸಿರಲಿ, ಹೊಟ್ಟೆ ತುಂಬ ತಿಂದು ಬರಬೇಡಿ, ಚಪ್ಪಲಿ ಹೊರಗೆ ಬಿಡಿ, ಒಳಗೆ ಬರುವಾಗ ಬಗ್ಗಿ ನಮಸ್ಕಾರ ಮಾಡಿ, ಡ್ರೆಸ್ಸನ್ನು ನೆಲದ ಮೇಲೆ ಎಸೆಯಬೇಡಿ ಎಂದು. ಅಷ್ಟೇ. ನನ್ನ ಡ್ರೆಸ್ಸು ಬಚ್ಚಲಮನೆಯ ತಂತಿಯ ಮೇಲೆ ಟವೆಲ್ಲಿನ ಪಕ್ಕದಲ್ಲಿ ಒಣಗುತ್ತಿತ್ತು. ನಿಮ್ಮದೆಲ್ಲಿದೆ ಎಂದು ಕೇಳಿದೆ. ಮಹಡಿಯ ಮೇಲೆ ಎಂದರು. ನಾನೇ ತರುತ್ತೇನೆ ಎಂದು ಹತ್ತಿದೆ.

ಮಹಡಿಯ ಕೋಣೆಯಲ್ಲಿ ಮಾಡಿನಿಂದ ಇಳಿಬಿಟ್ಟ ಒಂದು ಬಿದಿರು ಗಳ ಇದೆ. ಅದು ಮಡಿ ಬಟ್ಟೆಗೆ. ಪೂಜೆಗೆ, ಶ್ರಾದ್ಧದ ಅಡಿಗೆಗೆ ಉಡುವ ಬಟ್ಟೆಯನ್ನು ಮಿಂದು ಒಗೆದು, ಕೋಲಿನ ತುದಿಯಿಂದ ಆ ಗಳಕ್ಕೆ ಏರಿಸುವುದು, ಉಡುವ ಹೊತ್ತಿಗೆ ಕೋಲಿನಿಂದಲೇ ಇಳಿಸುವುದು. ನಡುವೆ ಯಾರ ಕೈಯೂ ತಾಗಬಾರದು. ಅಲ್ಲಿ ಆಯಿಯ ಮಡಿ ಸೀರೆಗೂ ಅಣ್ಣನ ಪೂಜೆಯ ಪಂಚೆಗೂ ಮಧ್ಯೆ ಕರಾಟೆ ಅಂಗಿ ತೂಗುತ್ತಿತ್ತು. ಬಿದಿರನ್ನು ಎರಡೂ ತೋಳಿನೊಳಗಿಂದ ತೂರಿಸಿದ್ದರು. ತಲೆಯಿಲ್ಲದ ಯಾರೋ ಕೈ ಅಗಲಿಸಿ ನಿಂತ ಹಾಗಿತ್ತು. ನಾನು ತೆಗೆಯಲು ಕೈ ಎತ್ತಿದೆ.

“ಮುಟ್ಟಡ,” ಎಂದು ಮೆಟ್ಟಿಲ ಬುಡದಿಂದ ಆಯಿಯ ದನಿ ಬಂತು.

ನನ್ನ ಕೈ ಹಿಂದೆ ಬಂದಿತ್ತು. ಐವತ್ತೊಂದು ವರ್ಷದ ಹೆಂಗಸು ನಾನು, ಗಂಡ ಮಕ್ಕಳ ಮುಂದೆ ಮಡಿ ಗಿಡಿ ಎಲ್ಲ ಬಿಟ್ಟು ಇಪ್ಪತ್ತು ವರ್ಷವಾಯಿತು ಎಂದು ಹೇಳಿಕೊಂಡು ತಿರುಗುವವಳು. ಆ ಒಂದು ಮಾತಿಗೆ ಕೈ, ಭುಜ, ಹೊಟ್ಟೆ ಎಲ್ಲ ಒಟ್ಟಿಗೆ ಹಿಂದೆ ಸರಿದವು. ಅತ್ತಿಗೆ ತರಗತಿಯಲ್ಲಿ ಸರಿಯುತ್ತಿದ್ದದ್ದೂ ಥೇಟ್ ಹೀಗೆಯೇ.

ನಡೆದದ್ದು ಇಷ್ಟು. ಡ್ರೆಸ್ಸು ಮನೆಗೆ ಬಂದ ದಿನ ಅತ್ತಿಗೆ ಮೇಡಂ ಹೇಳಿದ ನಿಯಮಗಳನ್ನು ಊಟದ ಹೊತ್ತಿಗೆ ಒಂದೊಂದಾಗಿ ಹೇಳಿದ್ದಾರೆ. ಆಯಿ ಗಮನವಿಟ್ಟು ಕೇಳಿದ್ದಾಳೆ. “ಮಿಂದ್ಕಂಡು ಹಾಕವು, ಉಂಡ್ಕಂಡು ಹಾಕಲಾಗ, ಮೆಟ್ಟು ಹೊರಗೆ ಬಿಡವು, ನೆಲಕ್ಕೆ ತಾಗ್ಸಲಾಗ. ಇದು ಮಡಿಯೇ ಅಲ್ದನೇ?” ಎಂದು ತನ್ನ ಕೈಯಿಂದಲೇ ಕೋಲು ಹಿಡಿದು ಗಳಕ್ಕೆ ಏರಿಸಿದ್ದಾಳೆ. ಸೊಸೆ ಗುದ್ದಾಟ ಕಲಿಯುವುದನ್ನು ಒಪ್ಪದಿದ್ದವಳು ಅಂದಿನಿಂದ ಕರಾಟೆಗೆ ಮರ್ಯಾದೆ ಕೊಡತೊಡಗಿದ್ದಳು. ಎಲ್ಲರಿಗೂ ಸಂತೋಷವಾಗಿತ್ತು. ಅತ್ತಿಗೆಗೂ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಆ ಮನೆಗೆ ಬಂದ ಇಪ್ಪತ್ತೆಂಟು ವರ್ಷದಿಂದ ಗಳದಿಂದ ಇಳಿದ ಬಟ್ಟೆ ಉಟ್ಟಾಗಲೆಲ್ಲ ಯಾರಿಗೂ ತಾಗದ ಹಾಗೆ ನಡೆದು ರೂಢಿಯಾದ ಮೈ ಅದು. ಬಟ್ಟೆ ಮಡಿ ಸೀರೆಯೋ ಕರಾಟೆ ಅಂಗಿಯೋ ಎಂದು ಮೈ ವಿಚಾರಿಸಲಿಲ್ಲ. ಎದುರಿನ ಕೈ ಬಂತು, ಸರಿಯಿತು.

ಚಿಕ್ಕವಳಿದ್ದಾಗ ನನಗೆ ಅಮ್ಮಮ್ಮನ ಮಡಿ ಎಂದರೆ ಒಂದು ಬೆರಗು. ಆ ಸೀರೆ ಉಟ್ಟರೆ ಅವಳ ದನಿ ತಗ್ಗುತ್ತಿತ್ತು, ನಡಿಗೆ ಬದಲಾಗುತ್ತಿತ್ತು. ನಾವು ಮೊಮ್ಮಕ್ಕಳು ದೂರ ನಿಂತು ಬೇರೆ ಯಾರೋ ಬಂದಿದ್ದಾರೆ ಎನ್ನುವ ಹಾಗೆ ನೋಡುತ್ತಿದ್ದೆವು. ಮಧ್ಯಾಹ್ನ ಸೀರೆ ಬದಲಿಸಿದ ಮೇಲೆ ಅವಳೇ ಕರೆದು ತಲೆಗೆ ಎಣ್ಣೆ ತಟ್ಟುತ್ತಿದ್ದಳು. ಬಟ್ಟೆಗೆ ಅಷ್ಟು ಶಕ್ತಿ ಎಲ್ಲಿಂದ ಬಂತು ಎಂದು ಆಗ ಕೇಳಿರಲಿಲ್ಲ. ಆ ಸೀರೆಯಿಂದ ದೂರ ನಿಂತವರು ನಾವು ಮಕ್ಕಳು ಮಾತ್ರ ಅಲ್ಲ ಎನ್ನುವುದನ್ನೂ ಕೇಳಿರಲಿಲ್ಲ. ನಮ್ಮನ್ನು ಮಧ್ಯಾಹ್ನ ಕರೆಯುತ್ತಿದ್ದಳು. ಅಂಗಳದ ಆಚೆ ನಿಂತವರನ್ನು ಯಾವ ಹೊತ್ತಿನಲ್ಲೂ ಕರೆಯುತ್ತಿರಲಿಲ್ಲ.

ಮೈ ಸರಿಯುವುದಕ್ಕೆ ಆ ಗಳವೇ ಕಾರಣ ಎಂದು ಅತ್ತಿಗೆಗೆ ಹೇಳಿದೆ. ನಾನು ಮೇಡಂಗೆ ಫೋನು ಮಾಡಿ ವಿವರಿಸುತ್ತೇನೆ ಎಂದರೆ ಬೇಡ ಎಂದರು. ಹೇಳಬೇಕಾದದ್ದು ಮೇಡಂಗೆ ಅಲ್ಲ ಎಂದರು.

ಮರುದಿನ ಬೆಳಿಗ್ಗೆ ಡೇರಿ ಅಕ್ಕ ಕ್ಯಾನು ಇಳಿಸುವ ಹೊತ್ತಿಗೆ ಅತ್ತಿಗೆ ಮೆಟ್ಟಿಲ ಬುಡದಲ್ಲಿ ಕಾದು ನಿಂತಿದ್ದರು. ನಾನು ಮೂರನೇ ಮೆಟ್ಟಿಲಲ್ಲಿ ಕೂತು, ಬಾರೇ ಇಲ್ಲದ ಚಪ್ಪಲಿಯನ್ನು ಸರಿಮಾಡಿಕೊಳ್ಳುತ್ತಿದ್ದೆ. ಅತ್ತಿಗೆಗೆ ಮಾತು ಜೋಡಿಸಿ ಹೇಳಲು ಬರುವುದಿಲ್ಲ. ಗಳದ ವಿಷಯ ಹೇಳಿದರು, ಕೋಲಿನ ವಿಷಯ ಹೇಳಿದರು, ತನಗೇ ತಿಳಿಯದೆ ಮೈ ಸರಿಯುತ್ತದೆ ಎಂದರು. ಡೇರಿ ಅಕ್ಕ ಕೇಳಿದರು. ಆಮೇಲೆ, “ನಮ್ಮಜ್ಜಿ ಹೇಳೂದಿತ್ತು, ಕುಡಿಯೂಕೆ ಕೇಳಿದ್ರೆ ಕೈಗೆ ಮೇಲಿಂದ ನೀರು ಹೊಯ್ತಿದ್ರು ಅಂತ. ನಂಗೆ ಅದೇ ನೆನಪಾಗಿಬಿಟ್ತು,” ಎಂದರು.

“ನಮ್ಮನೇಲೂ ಹೊಯ್ತಿದ್ದ,” ಎಂದರು ಅತ್ತಿಗೆ. “ಆನೂ ಹೊಯ್ದಿದ್ದೆ. ಮದುವೆಯಾಗಿ ಬಂದ ಹೊಸತರಲ್ಲಿ.”

ಇದನ್ನು ಹೇಳಬೇಕಾಗಿತ್ತೇ ಎಂದು ನಾನು ಚಪ್ಪಲಿ ಬಿಟ್ಟು ತಲೆ ಎತ್ತಿದೆ. ಡೇರಿ ಅಕ್ಕ ಕ್ಯಾನಿನ ಮುಚ್ಚಳ ತಿರುಗಿಸಿ ತಿರುಗಿಸಿ ಬಿಗಿ ಮಾಡಿದರು. ಅದು ಮೊದಲೇ ಬಿಗಿಯಾಗಿತ್ತು. ಕೊನೆಗೆ ಅವರೇ ಮಾತು ತೆಗೆದರು.

“ಹಂಗಾದ್ರೆ ಒಂದು ಮಾಡ್ವ. ನಿಮ್ಮ ಅರಬಿ ನಂಗೆ ಕೊಡಿ, ನಂದು ನೀವು ಹಾಕ್ಕಣಿ. ನಾ ಉಟ್ಟಿದ್ದಕ್ಕೆ ಎಂತಾ ಮಡಿ ಉಳೀತದೆ? ಹಾಲಿನ ವಾಸನೆ ಇರ್ತದೆ ಮತ್ತೆ. ಅಡ್ಡಿಲ್ಲ ಅಲ್ಲ?”

ಅಡ್ಡಿಲ್ಲೆ ಎಂದರು ಅತ್ತಿಗೆ. ಹೇಳಿದಷ್ಟು ಸುಲಭವಾಗಿರಲಿಲ್ಲ ಎನ್ನುವುದು ಬಟ್ಟೆ ಬದಲಿಸುವ ಕೋಣೆಯಲ್ಲಿ ಕಂಡಿತು. ಡೇರಿ ಅಕ್ಕನ ಅಂಗಿ ಹಿಡಿದುಕೊಂಡು ಅವರು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಒಂದು ತೋಳು ತೂರಿಸಿದರು, ಇನ್ನೊಂದು ತೂರಿಸಿದರು. ಹೊರಗೆ ಬಂದಾಗ ಮೌನವ್ರತ ಮುರಿದು ಎಲ್ಲರೂ ನಕ್ಕರು. ಅತ್ತಿಗೆ ಉದ್ದ, ಸಣಕಲು. ಡೇರಿ ಅಕ್ಕ ಗಿಡ್ಡ, ಗಟ್ಟಿ ಆಳು. ಅತ್ತಿಗೆಯ ತೋಳು ಮೊಣಕೈಯಿಂದ ಕೆಳಗೆ ಬರಿದು, ಪ್ಯಾಂಟು ಗದ್ದೆ ನಾಟಿಗೆ ಹೊರಟ ಹಾಗೆ ಮೊಣಕಾಲವರೆಗೆ. ಡೇರಿ ಅಕ್ಕ ತೋಳನ್ನು ಮೂರು ಮಡಿಕೆ ಮಡಚಿದರೂ ಬೆರಳು ಕಾಣುತ್ತಿರಲಿಲ್ಲ.

ಗುದ್ದು ಬಂತು. ಅತ್ತಿಗೆ ತ್ವರೆಯಿಲ್ಲದೆ ತಡೆದರು, ಹೆಜ್ಜೆ ಮುಂದಿಟ್ಟರು. ಮುಷ್ಟಿ ಡೇರಿ ಅಕ್ಕನ ಎದೆಯ ಮೇಲಿನ ಬಟ್ಟೆಗೆ ತಾಗಿ ನಿಂತಿತು. ಆ ಬಟ್ಟೆ ನಿನ್ನೆಯವರೆಗೆ ಗಳದ ಮೇಲೆ ತೂಗಿದ್ದ ಅತ್ತಿಗೆಯದೇ ಅಂಗಿ.

“ಬಂತು ನೋಡಿ,” ಎಂದರು ಡೇರಿ ಅಕ್ಕ. ಅಮ್ಮ ಎನ್ನಲಿಲ್ಲ, ಅಕ್ಕ ಎಂದೂ ಅನ್ನಲಿಲ್ಲ. ಅಕ್ಕ ಬರಲು ಇನ್ನೂ ಒಂದು ವಾರ ಹಿಡಿಯಿತು.

ಮೂರು ವಾರ ಹೀಗೆ ಅದಲು ಬದಲಾಗಿ ನಡೆಯಿತು. ಡೇರಿ ಅಕ್ಕ ಅತ್ತಿಗೆಯ ಡ್ರೆಸ್ಸನ್ನು ಮನೆಗೆ ಒಯ್ದು, ತಮ್ಮ ಬಟ್ಟೆಗಳ ಜೊತೆ ಒಗೆದು, ಕೊಟ್ಟಿಗೆಯ ಪಕ್ಕದ ಬೇಲಿಯ ಮೇಲೆ ಒಣಗಿಸುತ್ತಿದ್ದರು. ಅತ್ತಿಗೆ ಅವರದನ್ನು ಮನೆಗೆ ತಂದರು. ಆಯಿಯ ಕಣ್ಣು ತಪ್ಪಿಸುವುದು ಆಗುವ ಮಾತಲ್ಲ. ಬಕೆಟ್ಟಿನಲ್ಲಿದ್ದ ಗಿಡ್ಡ ತೋಳಿನ ಅಂಗಿಯನ್ನು ನೋಡಿ, ಇದು ಯಾರದು ಎಂದು ಕೇಳಿದಳಂತೆ. ಅತ್ತಿಗೆ ಮುಚ್ಚಿಡದೆ ಹೇಳಿದರು. ಯಾಕೆ ಬದಲಿಸಿಕೊಂಡದ್ದು ಎನ್ನುವುದನ್ನೂ ಹೇಳಿದರು. ಬಸ್ಸಿನ ವಿಷಯವನ್ನೂ, ಎಷ್ಟೋ ತಿಂಗಳ ಮೇಲೆ, ಮನೆಯಲ್ಲಿ ಅವತ್ತೇ ಮೊದಲ ಬಾರಿಗೆ ಹೇಳಿದರು. ಆಯಿ ಕೋಲನ್ನು ಗೋಡೆಗೆ ಒರಗಿಸಿ ಕೂತಳು. ಬೈಯುತ್ತಾಳೆ ಎಂದು ಅತ್ತಿಗೆ ಕಾದರು.

“ಹಂಗಾರೆ ಇದ್ನ ಕೆಳಗೇ ಒಣಗ್ಸು. ಮೇಲೆ ಹಾಕಡ,” ಎಂದಳು ಆಯಿ. ಆಮೇಲೆ, ಆ ಬಸ್ಸಿನವನು ಯಲ್ಲಾಪುರದವನೋ ಶಿರಸಿಯವನೋ ಎಂದು ಕೇಳಿದಳು. ಗೊತ್ತಿಲ್ಲೆ ಎಂದರು ಅತ್ತಿಗೆ. ಮಡಿಯನ್ನು ಅವಳು ಬಿಡಲಿಲ್ಲ. ಈಗಲೂ ಬಿಟ್ಟಿಲ್ಲ. ಕರಾಟೆ ಅಂಗಿಯನ್ನು ಮಾತ್ರ ಆ ಲೆಕ್ಕದಿಂದ ತೆಗೆದು ಹಾಕಿದಳು.

ಪರೀಕ್ಷೆಗೆ ಎರಡು ದಿನ ಇರುವಾಗ ಹೊಸ ತೊಡಕು ಬಂತು. ಡ್ರೆಸ್ಸು ಅಳತೆಗೆ ಸರಿಯಾಗಿ, ಚೊಕ್ಕವಾಗಿ ಇರಬೇಕು, ಪರೀಕ್ಷೆ ಮಾಡುವವರು ಅದಕ್ಕೂ ಅಂಕ ಇಟ್ಟಿದ್ದಾರೆ, ಆ ದಿನ ಅವರವರ ಡ್ರೆಸ್ಸು ಅವರವರೇ ಹಾಕಬೇಕು ಎಂದರು ಮೇಡಂ. ಅತ್ತಿಗೆ ನನ್ನ ಕಡೆ ತಿರುಗಿದರು. ತನ್ನ ಅಂಗಿ ಹಾಕಿದಾಗ ಮತ್ತೆ ಮೈ ಸರಿದರೆ? ನನಗೂ ಅದೇ ಪ್ರಶ್ನೆ, ಆದರೆ ನನಗೆ ಹೆದರಿಕೆಗಿಂತ ಹೆಚ್ಚಾಗಿ ತಿಳಿದುಕೊಳ್ಳುವ ಆಸೆ ಇತ್ತು ಎಂದು ನಾಚಿಕೆಯಿಂದಲೇ ಬರೆಯುತ್ತೇನೆ. ಅವರಿಗೆ ಅಂಟಿದ್ದ ಮಡಿ ಇದ್ದದ್ದು ಅಂಗಿಯಲ್ಲೋ, ಅಂಗಿ ಒಣಗಿದ ಜಾಗದಲ್ಲೋ?

ಒಂದು ಶಾಲೆಯ ಸಭಾಂಗಣದಲ್ಲಿ ಪರೀಕ್ಷೆ. ಮೇಜಿನ ಹಿಂದೆ ನರೆತ ಮೀಸೆಯ ಒಬ್ಬರು ಕೂತಿದ್ದರು. ಡೇರಿ ಅಕ್ಕ ಅತ್ತಿಗೆಯ ಡ್ರೆಸ್ಸನ್ನು ಇಸ್ತ್ರಿ ಮಾಡಿ ತಂದಿದ್ದರು. ಅತ್ತಿಗೆ ಅದನ್ನು ಮೂಗಿಗೆ ಹಿಡಿದು, ಹೊಗೆ ವಾಸನೆ ಎಂದರು. ಬಚ್ಚಲೊಲೆ ಬೇಲಿಯ ಹತ್ತಿರವೇ ಇದೆ ಎಂದರು ಡೇರಿ ಅಕ್ಕ. ಬಟ್ಟೆಯೂ ಬಹಳ ಮೆತ್ತಗಾಗಿತ್ತು. ಮೊದಲ ದಿನದ ಗಡುಸು ಒಂದಿಷ್ಟೂ ಇರಲಿಲ್ಲ.

ಮೊದಲ ಗುದ್ದಿಗೆ ಅತ್ತಿಗೆ ಅರ್ಧ ಹೆಜ್ಜೆ ಹಿಂದೆ ಹೋದರು. ಸಾಲಿನಲ್ಲಿ ನಿಂತಿದ್ದ ನಮಗೆಲ್ಲ ಅದು ಕಂಡಿತು. ಮೀಸೆಯವರು ಏನೋ ಬರೆದುಕೊಂಡರು. ಡೇರಿ ಅಕ್ಕ ನಿಯಮದಂತೆ ಹಿಂದೆ ಹೋಗಿ ಮತ್ತೆ ನಿಂತರು, ಮತ್ತೆ ಗುದ್ದು ತಂದರು. ಮೊದಲಿಗಿಂತ ಜೋರಾಗಿಯೇ ತಂದರು. ಅತ್ತಿಗೆಯ ಮುಂಗೈ ಎದ್ದು ಅದಕ್ಕೆ ಅಡ್ಡ ಹೋಯಿತು. ಹೆಜ್ಜೆ, ಮುಷ್ಟಿ, ಬಟ್ಟೆ. ಮೂರನೆಯದಕ್ಕೂ ಹಾಗೇ. ನಾಲ್ಕನೆಯದು ಸ್ವಲ್ಪ ಜಾಸ್ತಿಯೇ ಆಯಿತು, ಡೇರಿ ಅಕ್ಕ ಎದೆ ಉಜ್ಜಿಕೊಂಡರು. ಮೈ ನೋಯಬಾರದು ಎಂಬ ನಿಯಮಕ್ಕೆ ಅತ್ತಿಗೆಯ ಎರಡು ಅಂಕ ಹೋಯಿತು. ಆ ಎರಡು ಅಂಕದ ವಿಷಯ ಅವರು ಈಗಲೂ ಬಂದವರಿಗೆಲ್ಲ ಹೇಳುತ್ತಾರೆ.

ಇಬ್ಬರಿಗೂ ಹಳದಿ ಬೆಲ್ಟು ಸಿಕ್ಕಿತು. ನನ್ನ ಕಿಕ್ಕು ಸೊಂಟದವರೆಗೂ ಏಳದಿದ್ದದ್ದರಿಂದ ನನಗೆ ಇನ್ನೊಮ್ಮೆ ಬನ್ನಿ ಎಂದರು. ನನ್ನ ಪ್ರಶ್ನೆಗೂ ಪೂರ್ತಿ ಉತ್ತರ ಸಿಗಲಿಲ್ಲ. ಆ ಅರ್ಧ ಹೆಜ್ಜೆ ಗಳದ್ದೋ, ಪರೀಕ್ಷೆಯ ಹೆದರಿಕೆಯದ್ದೋ ಎಂದು ಅತ್ತಿಗೆಯನ್ನು ಕೇಳಿದರೆ, ಅವರು ತಮಗೆ ಆ ಹೆಜ್ಜೆಯೇ ನೆನಪಿಲ್ಲ ಎನ್ನುತ್ತಾರೆ.

ಮಳೆಗಾಲ ಮುಗಿದ ಮೇಲೆ ಮೇಡಂ ಸಿದ್ದಾಪುರದಲ್ಲಿ ಭಾನುವಾರದ ತರಗತಿ ಶುರು ಮಾಡಿದರು. ಎದುರು ನಿಂತು ಗುದ್ದು ತಿನ್ನಲು ಜನ ಬೇಕಲ್ಲ, ಹಾಗಾಗಿ ಅತ್ತಿಗೆಯನ್ನೂ ಡೇರಿ ಅಕ್ಕನನ್ನೂ ಬರಹೇಳಿದರು. ಇಬ್ಬರೂ ಒಂದೇ ಸ್ಕೂಟರಿನಲ್ಲಿ ಹೋದರು. ಮೊದಲ ದಿನ ಐದು ಜನ ಬಂದಿದ್ದರು, ಒಬ್ಬಾಕೆ ಸೀರೆಯಲ್ಲಿ. ಯಾರಲ್ಲೂ ಡ್ರೆಸ್ಸು ಇರಲಿಲ್ಲ. ಸೀರೆಯಾಕೆ ಮುಷ್ಟಿ ಕಟ್ಟಿ ಅತ್ತಿಗೆಯ ಮುಂದೆ ಬಂದು, ಹಿರಿಯರಿಗೆ ಹೊಡೆಯುವುದು ಹೇಗೆ ಎಂದು ನಿಂತುಬಿಟ್ಟರಂತೆ. ಅತ್ತಿಗೆ ಆಕೆಯ ಮಣಿಕಟ್ಟು ಹಿಡಿದು ಮುಷ್ಟಿಯನ್ನು ತಮ್ಮ ಎದೆಗೆ ತಾಗಿಸಿಕೊಂಡು, ಇಷ್ಟು ದೂರ ಎಂದು ತೋರಿಸಿದರು. ಆಕೆ ಹಿಂದೆ ಹೋಗಿ ಮತ್ತೆ ಬಂದು, ಸರಿಯಾಗಿ ಅಲ್ಲಿಗೇ ಹೊಡೆದರು.